ಬೇಸಿಗೆ ಕ್ಯಾಂಪ್ ಮುಗೀತು, ಮಗಳು ಈಜು ಬಿಡಲ್ಲ ಅಂತಾಳೆ

ಪ್ರಶ್ನೆ

ಮೇಡಂ, ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ನಾವು ಇರುವುದು ಬೆಂಗಳೂರಿನ ಉತ್ತರಹಳ್ಳಿ ಕಡೆ. ಎರಡು ಬೇಸಿಗೆ ನಮ್ಮ ಅಪಾರ್ಟ್‌ಮೆಂಟಿನ ಪೂಲಿನಲ್ಲೇ 21 ದಿನದ ಕ್ಯಾಂಪಿಗೆ ಹಾಕಿದ್ದೆವು. ಈಗ ಈ ತುದಿಯಿಂದ ಆ ತುದಿಗೆ ನಿಲ್ಲದೆ ಫ್ರೀಸ್ಟೈಲ್ ಈಜುತ್ತಾಳೆ. ಕ್ಯಾಂಪಿನ ಕೋಚ್ "ಹುಡುಗಿಗೆ ಟ್ಯಾಲೆಂಟ್ ಇದೆ, ಕ್ಲಬ್ಬಿಗೆ ಹಾಕಿ, ವರ್ಷಪೂರ್ತಿ ಪ್ರಾಕ್ಟೀಸ್ ಮಾಡಿಸಿ" ಎಂದರು. ಅವಳಿಗೂ ಆಸೆ. ಆರು ಕಿಲೋಮೀಟರ್ ದೂರದ ಒಂದು ಕ್ಲಬ್ಬಿಗೆ ಟ್ರಯಲ್‌ಗೆ ಕರೆದುಕೊಂಡು ಹೋದೆ. ಅದು 50 ಮೀಟರ್ ಪೂಲ್. ಅರ್ಧ ದೂರ ಹೋಗಿ ಲೇನಿನ ಹಗ್ಗ ಹಿಡಿದುಕೊಂಡು ಅಳಲು ಶುರು ಮಾಡಿದಳು. ಮನೆಗೆ ಬಂದು "ಇನ್ನು ಹೋಗಲ್ಲ" ಎಂದಳು. ಮಾರನೇ ದಿನ ಬೆಳಿಗ್ಗೆ ಎದ್ದು "ಮತ್ತೆ ಯಾವಾಗ ಹೋಗೋದು?" ಅಂತ ಅವಳೇ ಕೇಳುತ್ತಾಳೆ.

ಕ್ಲಬ್ಬಿನವರು ವಾರಕ್ಕೆ ಐದು ದಿನ, ಬೆಳಿಗ್ಗೆ ಐದೂವರೆಗೆ ಬರಬೇಕು ಎನ್ನುತ್ತಾರೆ. ಶಾಲೆ ಬಸ್ಸು 7.20ಕ್ಕೆ. ಮಳೆಗಾಲ, ಚಳಿಗಾಲದಲ್ಲಿ ನೀರಿಗೆ ಇಳಿಸಿದರೆ ಕಫ ಕಟ್ಟುತ್ತೆ, ಹುಡುಗಿ ಕಪ್ಪಗಾಗ್ತಾಳೆ, ಭುಜ ಗಂಡುಹುಡುಗರ ಥರ ಆಗುತ್ತೆ ಅಂತ ನಮ್ಮ ಅತ್ತೆ. ಚಿಕ್ಕವಳಿದ್ದಾಗ ಅವಳಿಗೆ ಸ್ವಲ್ಪ ವೀಸಿಂಗ್ ಇತ್ತು, ಎರಡು ವರ್ಷದಿಂದ ಇಲ್ಲ. ಐದು ವರ್ಷಕ್ಕೇ ಶುರು ಮಾಡಿದ ಮಕ್ಕಳ ಮುಂದೆ ಇವಳೇನು ಮಾಡ್ತಾಳೆ, ಈಗಲೇ ಲೇಟಾಯ್ತು ಅಂತ ನಮ್ಮ ಯಜಮಾನರು. ಏನು ಮಾಡಲಿ? ಇನ್ನೊಂದು ಸಣ್ಣ ವಿಷಯ, ಅವಳ ಗಾಗಲ್ಸಿಗೆ ಯಾವಾಗಲೂ ನೀರು ತುಂಬಿಕೊಳ್ಳುತ್ತೆ. ಯಾವುದು ತೆಗೆದುಕೊಳ್ಳಲಿ?

(ಹೆಸರು ಬೇಡ ಎಂದಿದ್ದಾರೆ)

ಉತ್ತರ

ಮೇ ಕೊನೆಯ ವಾರದಿಂದ ಜೂನ್ ಹದಿನೈದರ ತನಕ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇಂಥವೇ. ಏಪ್ರಿಲ್‌ನಲ್ಲಿ ಕಾಲಿಡಲು ಜಾಗವಿಲ್ಲದ ಕೊಳ, ಶಾಲೆ ಶುರುವಾಗಿ ಎರಡು ವಾರಕ್ಕೆ ಬಿಕೋ ಅನ್ನುತ್ತದೆ. ಉಳಿಯುವವರು ಬೆರಳೆಣಿಕೆ. ಉಳಿದವರೆಲ್ಲ ಟ್ಯಾಲೆಂಟ್ ಇದ್ದವರೇ ಅಂತಲ್ಲ, ಬಿಟ್ಟವರೆಲ್ಲ ಇಲ್ಲದವರೂ ಅಲ್ಲ.

ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ಅದನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡ ಚಿಂತೆ ಒಂದೇ: ಮಗಳು ಖುಷಿಯಿಂದ ಮಾಡುತ್ತಿರುವುದನ್ನು ಪ್ರಾಕ್ಟೀಸು, ಕ್ಲಬ್ಬು, ಟೈಮಿಂಗು ಅಂತ ಮಾಡಲು ಹೋಗಿ ಆ ಖುಷಿಯನ್ನೇ ಕೆಡಿಸಿಬಿಡುತ್ತೇವೇನೋ ಅನ್ನುವುದು. ಹಾಗೆ ಆಗುವುದುಂಟು. ನಾನೇ ಕೋಚಿಂಗಿಗೆ ಬಂದ ಮೊದಲ ಐದಾರು ವರ್ಷ ಒಂದಷ್ಟು ಮಕ್ಕಳಿಗೆ ಹಾಗೆ ಮಾಡಿದ್ದೇನೆ. ಆದರೆ ತಪ್ಪಿಸಬಹುದು.

ಮೊದಲು ಆ ಅಳುವಿನ ವಿಚಾರಕ್ಕೆ ಬರೋಣ. ನಿಮಗೆ ಬೇಕಾದ ಅರ್ಧ ಉತ್ತರ ಅಲ್ಲೇ ಇದೆ.

ಅಪಾರ್ಟ್‌ಮೆಂಟ್ ಪೂಲುಗಳು ಸಾಮಾನ್ಯವಾಗಿ 15ರಿಂದ 20 ಮೀಟರ್ ಉದ್ದ ಇರುತ್ತವೆ, ಆಳ ನಾಲ್ಕು ಅಡಿ. ಅಲ್ಲಿ ಈಜುವ ಮಗುವಿಗೆ ಮುಕ್ಕಾಲು ಪಾಲು ಈಜು ಬಂದಿರುತ್ತದೆ. ಇನ್ನು ಕಾಲು ಪಾಲು, ಬೇಕೆಂದಾಗ ಕಾಲೂರಬಹುದು ಅನ್ನುವ ಧೈರ್ಯ. 50 ಮೀಟರ್ ಕೊಳಕ್ಕೆ ಇಳಿಸಿದ ಕ್ಷಣ ಆ ಕಾಲು ಪಾಲು ಹೋಯಿತು. ತಲೆ ಎತ್ತಿದರೆ ಆಚೆ ಗೋಡೆ ಎಲ್ಲೋ ಇದೆ. ಕೆಳಗೆ ನೋಡಿದರೆ ನೆಲ ಕೆಳಕ್ಕೆ ಕೆಳಕ್ಕೆ ಹೋಗುತ್ತಿದೆ. ದೊಡ್ಡವರಿಗೇ ಎದೆ ಝಲ್ ಅನ್ನುತ್ತದೆ.

ಎರಡನೆಯ ಕಾರಣ ಉಸಿರು. ಕ್ಯಾಂಪಿನಲ್ಲಿ ಕಲಿತ ಬಹಳ ಮಕ್ಕಳು ನಿಜಕ್ಕೂ ಉಸಿರಾಡುತ್ತಾ ಈಜುವುದಿಲ್ಲ, ಉಸಿರು ಕಟ್ಟಿಕೊಂಡು ಈಜುತ್ತಾರೆ. ಮುಖ ನೀರೊಳಗಿದ್ದಾಗ ಗಾಳಿ ಬಿಡುವುದಿಲ್ಲ. ಮುಖ ಎತ್ತಿದಾಗ ಬಿಡುವುದನ್ನೂ ಎಳೆದುಕೊಳ್ಳುವುದನ್ನೂ ಅರ್ಧ ಸೆಕೆಂಡಿನಲ್ಲಿ ಮಾಡಲು ಹೋಗುತ್ತಾರೆ. ಹಳೇ ಗಾಳಿ ಒಳಗೇ ಉಳಿಯುತ್ತದೆ, ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ, ಉಸಿರುಗಟ್ಟಿದ ಹಾಗೆ ಆಗುತ್ತದೆ. 15 ಮೀಟರಿಗೆ ಇದು ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಗೋಡೆ ಬಂದಿರುತ್ತದೆ. 25ಕ್ಕೆ ಬರುವಾಗ ಭಯ ಶುರು. ನಿಮ್ಮ ಮಗಳು ನಿಂತದ್ದು ಅರ್ಧದಲ್ಲಿ, ಅಂದರೆ 25 ಮೀಟರಿನ ಆಸುಪಾಸಿನಲ್ಲಿ. ಲೆಕ್ಕ ಸರಿಹೋಗುತ್ತದೆ ಅಲ್ವಾ?

ಇದನ್ನು ನೀವೇ ನೋಡಬಹುದು. ನಿಮ್ಮ ಪೂಲಿನಲ್ಲಿ ಅವಳು ಈಜುವಾಗ ಪಕ್ಕದಲ್ಲಿ ನಡೆದುಕೊಂಡು ಹೋಗಿ. ಮುಖ ನೀರಲ್ಲಿರುವಾಗ ಬಾಯಿ ಹತ್ತಿರ ಗುಳ್ಳೆ ಬರುತ್ತಿದೆಯಾ? ಬರದಿದ್ದರೆ ಗೋಡೆ ಹಿಡಿದು ನಿಂತು, ಮುಖ ಮುಳುಗಿಸಿ, ಬುರುಬುರು ಅಂತ ಮೂರು ಎಣಿಸುವಷ್ಟು ಹೊತ್ತು ಗಾಳಿ ಬಿಟ್ಟು, ಎದ್ದು ಉಸಿರು ಎಳೆದುಕೊಳ್ಳಲಿ. ಇಂಥ ಇಪ್ಪತ್ತು ದಿನಾ ಮಾಡಿದರೆ ಎರಡು ವಾರದಲ್ಲಿ ಬೇರೆಯದೇ ಹುಡುಗಿ ಕಾಣುತ್ತಾಳೆ. ಒಂದು ಎಚ್ಚರಿಕೆ: ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅನ್ನುವ ಆಟ ಮಾತ್ರ ಬೇಡ. ಜೋರಾಗಿ ಉಸಿರು ಎಳೆದೆಳೆದು ಬಿಟ್ಟು ಮುಳುಗುವ ಮಕ್ಕಳಿಗೆ ಉಸಿರು ಬೇಕು ಅನ್ನುವ ಸೂಚನೆಯೇ ತಡವಾಗಿ ಬರುತ್ತದೆ, ಅದಕ್ಕೆ ಮೊದಲೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬರುವವರೇ ಇದಕ್ಕೆ ಬಲಿಯಾಗುವುದು.

ಅಂದರೆ ಅವಳು ಅತ್ತದ್ದು ಮನಸ್ಸಿಲ್ಲದೆ ಅಲ್ಲ. ಮಾರನೇ ದಿನ ತಾನಾಗಿಯೇ ಕೇಳಿದಳಲ್ಲ, ನಾನಾದರೆ ಟ್ರಯಲ್‌ನ ಟೈಮಿಂಗಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಕ್ಯಾಂಪಿಗೂ ಕ್ಲಬ್ಬಿಗೂ ಏನು ವ್ಯತ್ಯಾಸ ಅಂತ. ಕ್ಯಾಂಪನ್ನೇ ವರ್ಷವಿಡೀ ಎಳೆದರೆ ಕ್ಲಬ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕ್ಯಾಂಪಿನ ಉದ್ದೇಶ ಮಗು ಮುಳುಗದೆ ದಾಟುವುದು. ನಮ್ಮ ಕಾಲದಲ್ಲಿ ಬೆನ್ನಿಗೆ ಬೆಂಡು ಕಟ್ಟಿ ತೋಟದ ಬಾವಿಗೆ ತಳ್ಳುತ್ತಿದ್ದರು, ಮೂರನೇ ದಿನಕ್ಕೆ ಬೆಂಡು ಬಿಚ್ಚುತ್ತಿದ್ದರು. 21 ದಿನದ ಕ್ಯಾಂಪು ಅದರದ್ದೇ ಮೊಮ್ಮಗು. ಒಳ್ಳೆಯದೇ, ಜೀವ ಉಳಿಸುತ್ತದೆ. ಆದರೆ ಕ್ಲಬ್ಬಿಗೆ ಬಂದ ಮೊದಲ ದಿನ ನಾವು ಮಾಡುವ ಕೆಲಸ, ಕಲಿತದ್ದರಲ್ಲಿ ಅರ್ಧವನ್ನು ಬಿಡಿಸುವುದು.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಹತ್ತು ವರ್ಷ. ಕ್ಯಾಂಪಿನಲ್ಲಿ ಎಲ್ಲರಿಗಿಂತ ಫಾಸ್ಟು. 25 ಮೀಟರಿಗೆ 38 ಸಲ ಕೈ ಬೀಸುತ್ತಿದ್ದ, ತಲೆ ಎತ್ತಿಕೊಂಡು, ಸೊಂಟ ಮುಳುಗಿಸಿಕೊಂಡು, ನೀರನ್ನು ಹೊಡೆದು ಹೊಡೆದು ಹೋಗುತ್ತಿದ್ದ. ಮೊದಲ ಆರು ವಾರ ನಾನು ಅವನ ಕೈಗೆ ಹೋಗಲೇ ಇಲ್ಲ. ಗೋಡೆಗೆ ಎರಡೂ ಕಾಲು ಊರು, ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಡು, ತೋಳಿನಿಂದ ಕಿವಿ ಒತ್ತು, ತಳ್ಳು, ಜಾರು. ಅಷ್ಟೇ. ಕೆಳಗೆ ಎಷ್ಟು ಟೈಲ್ಸ್ ದಾಟಿದೆ ಎಣಿಸಿ ಹೇಳು. ಆಮೇಲೆ ತೇಲುವ ಬೋರ್ಡ್ ಹಿಡಿದು ಕಿಕ್, ಅಂದರೆ ಕಾಲು ಬಡಿಯುವುದು. ಆಮೇಲೆ ಪಕ್ಕಕ್ಕೆ ಮಲಗಿ ಕಿಕ್. ಅವರಪ್ಪ ಗ್ಯಾಲರಿಯಲ್ಲಿ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಿದ್ದರು. "ಕ್ಯಾಂಪಿನಲ್ಲಿ 28 ಸೆಕೆಂಡಿಗೆ ಹೋಗ್ತಿದ್ದ, ನಿಮ್ಮ ಹತ್ರ ಬಂದ ಮೇಲೆ 33 ಆಗಿದೆ" ಎಂದರು. ಎರಡು ಸಲ ಫೀಸು ವಾಪಸ್ ಕೇಳಿದರು. ದಸರಾ ರಜೆಯ ಹೊತ್ತಿಗೆ ಅದೇ ಹುಡುಗ 24 ಕೈಗೆ, 22 ಸೆಕೆಂಡಿಗೆ ಆಚೆ ದಡ ಮುಟ್ಟಿದ. ಅವತ್ತು ಅವರಪ್ಪ ಗ್ಯಾಲರಿಯಲ್ಲಿ ಇರಲಿಲ್ಲ, ಆಫೀಸಿನಲ್ಲಿ ಏನೋ ಮೀಟಿಂಗು.

ನನ್ನ ಅನುಭವದಲ್ಲಿ ಮಕ್ಕಳು ಕ್ಲಬ್ ಬಿಡುವುದು ಈ ಮೊದಲ ಮೂರು ತಿಂಗಳಲ್ಲೇ. ಮಗು ಹಿಂದಕ್ಕೆ ಹೋಗುತ್ತಿರುವ ಹಾಗೆ ಕಾಣುತ್ತದೆ. ಪಕ್ಕದ ಲೇನಿನಲ್ಲಿ ಅವಳಿಗಿಂತ ಚಿಕ್ಕವರು ಸರಸರ ಹೋಗುತ್ತಿರುತ್ತಾರೆ. ಕ್ಯಾಂಪಿನಲ್ಲಿ ಹೀರೋಯಿನ್ ಆಗಿದ್ದವಳು ಇಲ್ಲಿ ಲೇನಿನ ಕೊನೆಯವಳು. ಇದು ಹೀಗೇ ಇರುತ್ತೆ ಅಂತ ಅವಳಿಗೆ ಮೊದಲೇ ಹೇಳಿಬಿಡಿ. ಮನೆಯವರಿಗೂ ಹೇಳಿ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದನ್ನೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ, ಕೆಲವಕ್ಕೆ ಕಾರಣವಿದೆ.

ನೆಗಡಿ ಬರುವುದು ವೈರಸ್‌ನಿಂದ, ತಣ್ಣೀರಿನಿಂದಲ್ಲ. ಅದು ಅಂಟುವುದು ಹೆಚ್ಚಾಗಿ ಶಾಲೆ ಬಸ್ಸಿನಲ್ಲಿ, ಬಟ್ಟೆ ಬದಲಿಸುವ ರೂಮಿನಲ್ಲಿ. ಆದರೆ ಕೊಳದಿಂದ ಬಂದ ಮಕ್ಕಳಿಗೆ ಮೂಗು ಸೋರುವುದು, ಸೀನು ಬರುವುದು ನಿಜ. ನೀರಿನಲ್ಲಿರುವ ರಾಸಾಯನಿಕ ಮೂಗಿನ ಒಳಪದರವನ್ನು ಕೆರಳಿಸುತ್ತದೆ. ಒಂದೆರಡು ಗಂಟೆಯಲ್ಲಿ ಸರಿಹೋದರೆ ಅದು ನೆಗಡಿಯಲ್ಲ. ಒದ್ದೆ ತಲೆಯಲ್ಲೇ ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಜುಲೈ ಗಾಳಿಯಲ್ಲಿ ಆರು ಕಿಲೋಮೀಟರ್ ತಂದರೆ ಮಗು ನಡುಗುತ್ತದೆ, ಅದಕ್ಕೆ ಯಾವ ವೈರಸ್ಸೂ ಬೇಡ. ಬ್ಯಾಗಿನಲ್ಲಿ ಒಣ ಟವೆಲ್ಲು, ಒಂದು ಕುಲಾವಿ, ಜರ್ಕಿನ್ ಇಡಿ. ಅತ್ತೆಯವರ ಅರ್ಧ ಆತಂಕ ಅಲ್ಲಿಗೆ ಮುಗಿಯಿತು.

ಚಳಿಯದ್ದು ಸುಮ್ನೆ ಮಾತಲ್ಲ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮವಿದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ಬೆಳಗಿನ ಹೊತ್ತು ಬಿಸಿ ಮಾಡದ ತೆರೆದ ಕೊಳ ಅಷ್ಟಿರುವುದಿಲ್ಲ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಜಾಸ್ತಿ, ಹಾಗಾಗಿ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಸಣಕಲು ಮಕ್ಕಳು ಇನ್ನೂ ಬೇಗ. ತುಟಿ ನೀಲಿ ಆಯಿತು, ಹಲ್ಲು ಕಟಕಟ ಅಂದಿತು ಅಂದರೆ ನೀರಿನಿಂದ ಹೊರಗೆ. "ಇನ್ನೆರಡು ಲ್ಯಾಪ್ ಮಾಡಿದರೆ ಬೆಚ್ಚಗಾಗುತ್ತೆ" ಅನ್ನುವ ಕೋಚ್ ಇದ್ದರೆ ಆ ಕೋಚ್ ಬೇಡ. ಕ್ಲಬ್ಬಿನಲ್ಲಿ ಚಳಿಗಾಲಕ್ಕೆ ನೀರು ಬಿಸಿ ಮಾಡುತ್ತಾರಾ ಅಂತ ಸೇರುವ ಮೊದಲೇ ಕೇಳಿ.

ವೀಸಿಂಗ್ ವಿಚಾರ ಸ್ವಲ್ಪ ಸೂಕ್ಷ್ಮ. ಕೊಳದ ಮೇಲಿನ ಗಾಳಿಯಲ್ಲಿ ತೇವ ಇರುತ್ತದೆ. ಹಾಗಾಗಿ ಆಸ್ತಮಾ ಇರುವ ಎಷ್ಟೋ ಮಕ್ಕಳಿಗೆ ಓಟಕ್ಕಿಂತ ಈಜು ಸಲೀಸು. ಆದರೆ ಮುಚ್ಚಿದ, ಗಾಳಿಯಾಡದ ಕೊಳ ತೊಂದರೆ ಕೊಡಬಹುದು. ಘಮ್ಮೆಂದು ಮೂಗಿಗೆ ಹೊಡೆಯುವ 'ಕ್ಲೋರಿನ್ ವಾಸನೆ' ಬಂದರೆ ಕ್ಲೋರಿನ್ ಜಾಸ್ತಿ ಹಾಕಿದ್ದಾರೆ, ನೀರು ಬಹಳ ಕ್ಲೀನು ಅಂದುಕೊಳ್ಳುತ್ತೇವೆ. ಉಲ್ಟಾ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನ ವಾಸನೆ ಅದು. ಅದೇ ಕಣ್ಣು ಉರಿಸುವುದು, ಎದೆ ಹಿಡಿಸುವುದು. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ವಾಸನೆ ಕಡಿಮೆ. ನೀರಿಗೆ ಇಳಿಯುವ ಮೊದಲು ಸ್ನಾನ ಮಾಡಿ ಅಂತ ನಾವು ಬಾಯಿ ಬಡಿದುಕೊಳ್ಳುವುದು ಇದಕ್ಕೇ. ನಿಮ್ಮ ಮಗಳನ್ನು ಸೇರಿಸುವ ಮೊದಲು ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ, ಹಳೇ ವೀಸಿಂಗ್ ಬಗ್ಗೆ ಹೇಳಿ. ಇನ್‌ಹೇಲರ್ ಇಟ್ಟುಕೊಳ್ಳಿ ಅಂದರೆ ಅದು ಲಾಕರಿನಲ್ಲಿ ಅಲ್ಲ, ಕೊಳದ ಪಕ್ಕದಲ್ಲೇ ಇರಬೇಕು. ಕೋಚಿಗೂ ಗೊತ್ತಿರಬೇಕು. ಬಹಳ ತಂದೆ ತಾಯಂದಿರು ಇದನ್ನು ಮುಚ್ಚಿಡುತ್ತಾರೆ, ಎಲ್ಲಿ ಸೇರಿಸಿಕೊಳ್ಳುವುದಿಲ್ಲವೋ ಅಂತ. ದಯವಿಟ್ಟು ಮುಚ್ಚಿಡಬೇಡಿ.

ಕಪ್ಪಗಾಗುವುದು ಬಿಸಿಲಿನಿಂದ, ನೀರಿನಿಂದಲ್ಲ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಈಜಿದರೆ ಅದೂ ಕಡಿಮೆ. ನೀರಿಗೆ ಬೇಗ ಬಿಡದ ಸನ್‌ಸ್ಕ್ರೀನ್ ಇದೆ, ಮೊಣಕೈ ಮೊಣಕಾಲು ಮುಚ್ಚುವ ಸೂಟ್ ಇದೆ. ಕಪ್ಪಗಾದರೆ ಏನೀಗ ಅಂತಲೂ ಕೇಳಬಹುದು. ಆ ಜಗಳ ನಿಮ್ಮ ಮನೆಯೊಳಗಿನದು, ನಾನು ಬರುವುದಿಲ್ಲ.

ಕೂದಲು ಒರಟಾಗುವುದು ನಿಜ. ಇಳಿಯುವ ಮೊದಲು ಒಳ್ಳೆ ನೀರಿನಲ್ಲಿ ಕೂದಲು ನೆನೆಸಿ ಕ್ಯಾಪ್ ಹಾಕಿದರೆ ಕ್ಲೋರಿನ್ ನೀರು ಕಡಿಮೆ ಹೀರುತ್ತದೆ. ಕೊಬ್ಬರಿ ಎಣ್ಣೆ ಮೆತ್ತಿ ಕಳಿಸಬೇಡಿ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಫಿಲ್ಟರಿನಲ್ಲಿ ಹಿಡಿಯುತ್ತದೆ. ಎಣ್ಣೆ ತಲೆಯಲ್ಲಿ ಬಂದ ಮಕ್ಕಳನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದೇನೆ. ಅವರ ಅಜ್ಜಿಯಂದಿರ ಶಾಪ ನನ್ನ ಮೇಲಿದೆ.

ಭುಜದ ವಿಷಯ. ದೊಡ್ಡ ಈಜುಗಾರ್ತಿಯರ ಭುಜ ಅಗಲ ಆಗಲು ವರ್ಷಗಟ್ಟಲೆ ದಿನಕ್ಕೆ ಎರಡು ಹೊತ್ತು ಈಜಬೇಕು, ಜಿಮ್ ಮಾಡಬೇಕು. ಜೊತೆಗೆ ಹುಟ್ಟಿನಿಂದ ಅಗಲ ಭುಜ ಇದ್ದವರೇ ಈಜಿನಲ್ಲಿ ಮುಂದೆ ಬರುವುದೂ ಇದೆ. ವಾರಕ್ಕೆ ಮೂರು ದಿನ ಈಜುವ ಒಂಬತ್ತರ ಹುಡುಗಿಗೆ ಹಾಗೇನೂ ಆಗುವುದಿಲ್ಲ. ಈಜಿದರೆ ಎತ್ತರ ಬೆಳೆಯುತ್ತಾರೆ ಅನ್ನುವುದೂ ಇದರ ಅಣ್ಣನೇ. ಎತ್ತರ ಇದ್ದವರು ಗೆಲ್ಲುತ್ತಾರೆ, ನಾವು ಗೆದ್ದವರನ್ನು ನೋಡಿ ಈಜಿನಿಂದ ಎತ್ತರ ಆದರು ಅನ್ನುತ್ತೇವೆ. ಭುಜದ ವಿಷಯದಲ್ಲಿ ನಾನು ಹೆದರುವುದು ಬೇರೆಯದಕ್ಕೆ, ನೋವಿಗೆ. ಚಿಕ್ಕ ಮಕ್ಕಳ ಕೈಗೆ ಪ್ಯಾಡಲ್ (ನೀರು ತಳ್ಳುವ ಪ್ಲಾಸ್ಟಿಕ್ ಹಲಗೆ) ಕಟ್ಟಿ ಲ್ಯಾಪ್ ಮೇಲೆ ಲ್ಯಾಪ್ ಹೊಡೆಸುವ ಕಡೆ ಇದು ಬೇಗ ಬರುತ್ತದೆ. ಭುಜ ನೋಯುತ್ತೆ ಅಂದ ಮಗುವಿಗೆ "ಸಹಿಸಿಕೋ" ಅನ್ನುವುದು ಕೋಚಿಂಗ್ ಅಲ್ಲ.

ಅತ್ತೆಯವರು ಕೇಳದ ಒಂದು: ಕಿವಿ. ಕಿವಿಯ ಹಾಲೆ ಎಳೆದರೆ ನೋವು ಅಂದರೆ ಅದು ಹೊರಕಿವಿಯ ಸೋಂಕು, ಈಜುವ ಮಕ್ಕಳಲ್ಲಿ ಸಾಮಾನ್ಯ. ಬಡ್ಸ್ ಹಾಕಿ ಕೆರೆಯುವುದರಿಂದಲೇ ಬಹಳ ಸಲ ಶುರುವಾಗುತ್ತದೆ. ತಲೆ ವಾಲಿಸಿ ನೀರು ಬಸಿದು, ಟವೆಲ್ ತುದಿಯಲ್ಲಿ ಹೊರಗಷ್ಟೇ ಒರೆಸಿ. ಕಾಯಿಸಿದ ಎಣ್ಣೆ ಬಿಡುವುದು ಬೇಡವೇ ಬೇಡ. ನೋವು ಬಂದರೆ ಡಾಕ್ಟರು, ವಾಸಿಯಾಗುವ ತನಕ ನೀರಿಲ್ಲ.

ಈಗ ಯಜಮಾನರಿಗೆ. ಲೇಟಾಗಿಲ್ಲ. ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದವರು. ಐದು ವರ್ಷದವರಿದ್ದಾಗ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾಗಿದ್ದರು. ಈಜು ಕಲಿತದ್ದು 1991ರಲ್ಲಿ, ಚೆನ್ನೈನಲ್ಲಿ, ಅಪ್ಪನಿಂದ. ಆಗ ಅವರಿಗೆ ಒಂಬತ್ತು. ನಿಮ್ಮ ಮಗಳ ವಯಸ್ಸೇ. ಆಮೇಲೆ ಬೆಂಗಳೂರಿಗೆ ಬಂದು ಬೆಳೆದರು. ಇತ್ತೀಚಿನದು ಬೇಕಿದ್ದರೆ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಘು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ 14 ವರ್ಷ, ಇಡೀ ಭಾರತ ತಂಡಕ್ಕೇ ಚಿಕ್ಕವಳು. ಮೊದಮೊದಲು ನೀರಿಗೆ ಕಾಲಿಡಲೂ ಆಗುತ್ತಿರಲಿಲ್ಲ ಅಂತ ಅವಳೇ ಹೇಳಿಕೊಂಡಿದ್ದಾಳೆ. ಈ ಹೆಸರುಗಳನ್ನು ಹೇಳಿದ್ದು ಒಲಿಂಪಿಕ್ಸ್ ಆಸೆ ಹುಟ್ಟಿಸಲು ಅಲ್ಲ. ಒಂಬತ್ತು ವರ್ಷ ಆಯಿತು ಅನ್ನುವುದೂ, ನೀರಿನಲ್ಲಿ ಅತ್ತಳು ಅನ್ನುವುದೂ ಬಾಗಿಲು ಮುಚ್ಚುವ ಕಾರಣಗಳಲ್ಲ ಅನ್ನಲು ಅಷ್ಟೇ.

ಇನ್ನೊಂದು ಗುಟ್ಟು. ಹತ್ತು ವರ್ಷದೊಳಗಿನ ಸ್ಪರ್ಧೆಗಳಲ್ಲಿ ಗೆಲ್ಲುವವರು ಬಹಳ ಸಲ ಬೇಗ ಬೆಳೆದ ಮಕ್ಕಳು. ಗುಂಪು ಮಾಡುವಾಗ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸು ಅಂತ ನೋಡುತ್ತಾರೆ. ಜನವರಿಯಲ್ಲಿ ಹುಟ್ಟಿದ ಹುಡುಗಿಯೂ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗಿಯೂ ಒಂದೇ ಹೀಟ್‌ನಲ್ಲಿ (ಸ್ಪರ್ಧೆಯ ಮೊದಲ ಸುತ್ತಿನಲ್ಲಿ) ನಿಲ್ಲುತ್ತಾರೆ. ಆ ವಯಸ್ಸಿಗೆ ಹನ್ನೊಂದು ತಿಂಗಳು ಅಂದರೆ ಸುಮಾರು ಎರಡು ಇಂಚು ಎತ್ತರ. ಹದಿನಾಲ್ಕು ಹದಿನೈದಕ್ಕೆ ಬರುವಾಗ ಈ ಲೆಕ್ಕ ಎಲ್ಲ ತಲೆಕೆಳಗಾಗುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಪತ್ರದಲ್ಲಿ ನಿಜವಾದ ತೊಡಕು ಇರುವುದು ಐದೂವರೆಯಲ್ಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಐದೂವರೆಗೆ ಕೊಳದಲ್ಲಿರಬೇಕು ಅಂದರೆ ನಾಲ್ಕೂಮುಕ್ಕಾಲಿಗೆ ಏಳಬೇಕು. ಕಡಿಮೆ ಅಂದರೆ ಒಂಬತ್ತು ಗಂಟೆ ಲೆಕ್ಕ ಹಾಕಿದರೂ ರಾತ್ರಿ ಏಳೂಮುಕ್ಕಾಲಿಗೆ ನಿದ್ದೆ ಬಂದಿರಬೇಕು. ನಿಮ್ಮ ಮನೆಯಲ್ಲಿ ಏಳೂಮುಕ್ಕಾಲಿಗೆ ಲೈಟ್ ಆರುತ್ತದಾ? ಬೆಂಗಳೂರಿನಲ್ಲಿ ಆ ಹೊತ್ತಿಗೆ ಅರ್ಧ ಜನ ಆಫೀಸಿನಿಂದ ಮನೆಗೇ ಬಂದಿರುವುದಿಲ್ಲ. ಆರೂವರೆಗೆ ನೀರಿನಿಂದ ಎದ್ದು, ಸ್ನಾನ ಮಾಡಿ, ಆರು ಕಿಲೋಮೀಟರ್ ಬಂದು, ತಿಂಡಿ ತಿಂದು 7.20ರ ಬಸ್ಸು ಹಿಡಿಯುವುದು ಒಂದು ವಾರ ನಡೆಯುತ್ತದೆ. ಎರಡನೇ ವಾರ ತಿಂಡಿ ಕಾರಿನಲ್ಲಿ, ಮೂರನೇ ವಾರ ನಿದ್ದೆ ಕ್ಲಾಸಿನಲ್ಲಿ. ಆಗ ಎಲ್ಲರೂ ಈಜನ್ನು ಬೈಯುತ್ತಾರೆ. ಈಜು ಏನು ಮಾಡಿತು ಪಾಪ.

ಹಾಗಾದರೆ ದಾರಿ ಏನು? ಅಪಾರ್ಟ್‌ಮೆಂಟ್ ಪೂಲಿನಲ್ಲೇ ಒಬ್ಬ ಕೋಚ್ ಇಟ್ಟು ಶನಿವಾರ, ಭಾನುವಾರ ಮುಂದುವರಿಸಬಹುದು. ಖರ್ಚು, ಓಡಾಟ ಕಡಿಮೆ. ಆದರೆ ಕಲಿತದ್ದು ಮರೆಯದಿರಲು ಮಾತ್ರ ಅದು ಸಾಕು. 15 ಮೀಟರಿನಲ್ಲಿ ದೂರ ಈಜುವ ಉಸಿರು ಬರುವುದಿಲ್ಲ, ಒಬ್ಬಳೇ ಈಜಿದರೆ ಬೇಗ ಬೇಜಾರೂ ಆಗುತ್ತದೆ.

ಕ್ಲಬ್ಬಿನವರು ಹೇಳಿದ ಹಾಗೆ ಐದು ದಿನ ಬೆಳಿಗ್ಗೆ ಹಾಕಿದರೆ ಪ್ರಗತಿ ಬೇಗ ಕಾಣುತ್ತದೆ, ಸುಳ್ಳಲ್ಲ. ಆದರೆ ಒಂಬತ್ತಕ್ಕೆ ಐದು ದಿನ ಶುರುಮಾಡಿ ಹನ್ನೆರಡಕ್ಕೆ "ಸಾಕಮ್ಮ" ಅಂದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಜೊತೆಗೆ ಡ್ಯಾನ್ಸು, ಸೈಕಲ್ಲು, ಖೋ ಖೋ ಎಲ್ಲ ನಿಂತುಹೋಗುತ್ತದೆ. ಆ ವಯಸ್ಸಿಗೆ ಅವೂ ಬೇಕು. ನೆಲದ ಮೇಲೆ ಕುಣಿಯಲು ಬರುವ ಮಗುವಿಗೆ ನೀರಿನಲ್ಲಿ ಲಯ ಬೇಗ ಸಿಗುತ್ತದೆ.

ನಾನು ಹೇಳುವುದು ನಡುವಿನ ದಾರಿ. ಸಂಜೆ ಬ್ಯಾಚು, ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, 25 ಮೀಟರ್ ಕೊಳ ಇರುವ ಕಡೆ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಗಂಟೆಗೆ 800 ಮೀಟರಿನಿಂದ ಶುರುವಾಗಿ ಒಂದು ವರ್ಷದಲ್ಲಿ 1,500ರ ಆಸುಪಾಸಿಗೆ ಬಂದರೆ ಸಾಕು. ಎಷ್ಟೋ ಕ್ಲಬ್ಬುಗಳಲ್ಲಿ ಲರ್ನರ್ಸ್ ಮತ್ತು ಸ್ಪರ್ಧಾ ತಂಡದ ನಡುವೆ ಇಂಥ ಒಂದು ಬ್ಯಾಚ್ ಇರುತ್ತದೆ. ಕೇಳಿದರೆ ಮಾತ್ರ ಹೇಳುತ್ತಾರೆ. ಇದರ ತೊಂದರೆಗಳೂ ಇವೆ: ಸಂಜೆ ಟ್ರಾಫಿಕ್ಕು, ಹೋಮ್‌ವರ್ಕು. ಸೆಪ್ಟೆಂಬರ್, ಅಕ್ಟೋಬರ್ ಸಂಜೆ ಗುಡುಗು ಮಳೆ. ಗುಡುಗು ಕೇಳಿದರೆ ನೀರಿನಿಂದ ಏಳಿಸಲೇಬೇಕು, ಹಾಗಾಗಿ ವಾರಕ್ಕೊಂದು ಕ್ಲಾಸು ಹೋಗುತ್ತದೆ. ಬಸವನಗುಡಿ, ಜಯನಗರ ಕಡೆ ನಿಮಗೆ ಆಯ್ಕೆಗಳು ಇವೆ. ಆದರೆ ಹೆಸರಿಗಿಂತ ದೂರ ನೋಡಿ. ಇಪ್ಪತ್ತು ನಿಮಿಷದ ಸಾಧಾರಣ ಕ್ಲಬ್ಬು, ಒಂದೂಕಾಲು ಗಂಟೆಯ ದೊಡ್ಡ ಕ್ಲಬ್ಬಿಗಿಂತ ಮೇಲು. ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಮೊದಲು ಮೂರು ತಿಂಗಳು.

ಪರೀಕ್ಷೆ ಬಂದಾಗ ಪೂರ್ತಿ ನಿಲ್ಲಿಸಬೇಡಿ, ಮೂರು ದಿನವನ್ನು ಒಂದು ದಿನ ಮಾಡಿ. ಎರಡು ತಿಂಗಳು ಬಿಟ್ಟರೆ ನೀರಿನ ಹಿಡಿತ ಜಾರಿಹೋಗುತ್ತದೆ, ಮತ್ತೆ ಬಂದಾಗ ಮಗುವಿಗೇ ಅವಮಾನ ಅನಿಸುತ್ತದೆ.

ಕ್ಲಬ್ ನೋಡಲು ಹೋದಾಗ ಗೋಡೆಯ ಮೇಲಿನ ಮೆಡಲ್ ಫೋಟೋ ನೋಡಬೇಡಿ. ಲೇನಿನ ಕೊನೆಯ ಮಗುವನ್ನು ನೋಡಿ. ಅದರ ಹತ್ತಿರ ಯಾರಾದರೂ ಮಾತಾಡುತ್ತಾರಾ? ಕೋಚ್ ಫೋನ್ ನೋಡುತ್ತಾ ಕೂತಿದ್ದಾರಾ, ಕೊಳದ ಅಂಚಿನಲ್ಲಿ ನಡೆಯುತ್ತಿದ್ದಾರಾ? ಕೋಚ್ ಬಿಟ್ಟು ಬೇರೆ ಲೈಫ್‌ಗಾರ್ಡ್ ಇದ್ದಾರಾ? ಕೋಚಿಂಗ್ ಓದಿಕೊಂಡಿದ್ದಾರಾ ಅಂತ ಕೇಳಲು ಸಂಕೋಚ ಬೇಡ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಇದ್ದವರು ಖುಷಿಯಿಂದಲೇ ಹೇಳುತ್ತಾರೆ. ಮುಂದೆ ರಾಜ್ಯಮಟ್ಟದಲ್ಲಿ ಈಜುವ ಆಸೆ ಇದ್ದರೆ ಕ್ಲಬ್ಬು ಕರ್ನಾಟಕ ಈಜು ಸಂಸ್ಥೆಯ ಜೊತೆ ಸೇರಿದೆಯಾ ಅನ್ನುವುದನ್ನೂ ಕೇಳಿಕೊಳ್ಳಿ.

ಹೆಣ್ಣುಮಕ್ಕಳ ಬಟ್ಟೆ ಬದಲಿಸುವ ಜಾಗಕ್ಕೆ ನೀವೇ ಹೋಗಿ ನೋಡಿ. ಚಿಲಕ ಸರಿಯಿದೆಯಾ, ಫೋನ್ ತರಬಾರದು ಅನ್ನುವ ನಿಯಮ ಇದೆಯಾ, ಮಹಿಳಾ ಸಿಬ್ಬಂದಿ ಇದ್ದಾರಾ. ತಂದೆ ತಾಯಿ ಪ್ರಾಕ್ಟೀಸ್ ನೋಡಲೇಬಾರದು ಅನ್ನುವ ಕ್ಲಬ್ಬು ನನಗೆ ಇಷ್ಟವಾಗುವುದಿಲ್ಲ. ಕೈ ಹಿಡಿದು ತಿದ್ದಬೇಕಾದ ಕಡೆ ಒಳ್ಳೆ ಕೋಚ್ "ಮುಟ್ಟಲಾ?" ಅಂತ ಕೇಳಿಯೇ ಮುಟ್ಟುತ್ತಾರೆ. ಯಾರ ಮುಟ್ಟುವಿಕೆ, ಮಾತು ಇಷ್ಟವಾಗದಿದ್ದರೂ ಮನೆಗೆ ಬಂದು ಹೇಳು ಅಂತ ಮಗಳಿಗೆ ಈಗಲೇ ಹೇಳಿಡಿ. ಇನ್ನೆರಡು ಮೂರು ವರ್ಷಕ್ಕೆ ಮುಟ್ಟಿನ ವಿಷಯವೂ ಬರುತ್ತದೆ. ಆ ದಿನಗಳಲ್ಲಿ ಈಜಬಾರದು ಅಂತೇನಿಲ್ಲ. ಟ್ಯಾಂಪೂನ್, ಕಪ್ ಹಾಕಿ ಈಜುವವರಿದ್ದಾರೆ, ರಜೆ ತೆಗೆದುಕೊಳ್ಳುವವರೂ ಇದ್ದಾರೆ. ಕಾರಣ ಕೇಳದೆ ರಜೆ ಕೊಡುವ ಕೋಚ್ ಬೇಕು, ಅಷ್ಟೆ.

ಸ್ಪರ್ಧೆಗೆ ಅವಸರ ಬೇಡ. ಆರು ತಿಂಗಳಾದ ಮೇಲೆ ಕ್ಲಬ್ಬಿನೊಳಗಿನ ಸಣ್ಣ ಮೀಟ್ ಇದ್ದರೆ 25 ಮೀಟರಿಗೆ ಹೆಸರು ಕೊಡಿ. ಮೊದಲ ಸಲ ಡಿಸ್‌ಕ್ವಾಲಿಫೈ ಆಗಬಹುದು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಬೇಕು, ಒಂದೇ ಕೈ ತಾಗಿಸಿ ನಗುತ್ತಾ ಎದ್ದು ಬರುವ ಮಕ್ಕಳು ಪ್ರತಿ ಮೀಟಿನಲ್ಲೂ ಇರುತ್ತಾರೆ. ಕಾರಿನಲ್ಲಿ ವಾಪಸ್ ಬರುವಾಗ ಟೈಮಿಂಗ್ ಮಾತು ಎತ್ತಬೇಡಿ. ಹಸಿವಾಗಿರುತ್ತದೆ, ಎಲ್ಲಾದರೂ ನಿಲ್ಲಿಸಿ ಮಸಾಲೆ ದೋಸೆ ಕೊಡಿಸಿ.

ಯಾವಾಗ ನಿಲ್ಲಿಸಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ದಿನ "ಹೋಗಲ್ಲ" ಅನ್ನುವುದು ಎಲ್ಲ ಮಕ್ಕಳೂ ಮಾಡುವುದೇ. ಮೂರು ವಾರ ಸತತವಾಗಿ ಕ್ಲಾಸಿನ ದಿನ ಮಾತ್ರ ಹೊಟ್ಟೆನೋವು ಬರುತ್ತಿದ್ದರೆ, ನಿದ್ದೆ ಕೆಟ್ಟರೆ, ಅಲ್ಲಿನ ಗೆಳತಿಯರ ಹೆಸರು ಹೇಳುವುದನ್ನೇ ಬಿಟ್ಟರೆ, ಒಂದು ತಿಂಗಳು ಬಿಡಿಸಿ. ಏನಾಯಿತು ಅಂತ ನಿಧಾನಕ್ಕೆ ಕೇಳಿ. ಬಿಟ್ಟು ಮತ್ತೆ ಬಂದವರು ಬೇಕಾದಷ್ಟಿದ್ದಾರೆ.

ಕೊನೆಗೆ ಗಾಗಲ್ಸ್. ಸಣ್ಣ ವಿಷಯ ಅಂದಿರಿ, ಆದರೆ ಟ್ರಯಲ್ ದಿನದ ಅಳುವಿನಲ್ಲಿ ಅದರದ್ದೂ ಪಾಲಿದೆ ಅಂತ ನನ್ನ ಗುಮಾನಿ. ಕಾಲು ಎಟುಕದ ನೀರು, ಉಸಿರಿಲ್ಲ, ಮೇಲೆ ಕಣ್ಣೂ ಕಾಣದಿದ್ದರೆ ಮಗು ಹಗ್ಗ ಹಿಡಿಯದೆ ಏನು ಮಾಡುತ್ತದೆ? ಅವಳನ್ನು ಅಂಗಡಿಗೇ ಕರೆದುಕೊಂಡು ಹೋಗಿ. ಆನ್‌ಲೈನ್ ಬೇಡ. ಪಟ್ಟಿಯನ್ನು ತಲೆಗೆ ಹಾಕದೆ ಬರೀ ಕಪ್ಪುಗಳನ್ನು ಕಣ್ಣಿನ ಗುಳಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಸೆಕೆಂಡ್ ಅಂಟಿಕೊಂಡು ನಿಂತರೆ ಅದು ಅವಳ ಮುಖಕ್ಕೆ ಸರಿ. ತಕ್ಷಣ ಬಿದ್ದರೆ ಎಷ್ಟು ದುಬಾರಿಯದಾದರೂ ಬೇಡ. ಸೋರುತ್ತದೆ ಅಂತ ಪಟ್ಟಿ ಬಿಗಿ ಮಾಡುತ್ತಾ ಹೋದರೆ ಅಂಚು ಮಡಚಿಕೊಂಡು ಇನ್ನೂ ಸೋರುತ್ತದೆ. ಮೂಗಿನ ಮೇಲಿನ ಸೇತುವೆ ಬದಲಿಸಲು ಬರುವಂಥದ್ದಾದರೆ ಒಳ್ಳೆಯದು. ಕೂದಲಿನ ಎಳೆ ರಬ್ಬರಿನ ಕೆಳಗೆ ಸಿಕ್ಕಿಕೊಂಡಿದೆಯಾ ನೋಡಿ, ಬಹಳ ಸಲ ಕಳ್ಳ ಅದೇ. ಗಾಜಿನ ಒಳಗೆ ಬೆರಳಿಂದ ಉಜ್ಜಬೇಡಿ, ಮಂಜು ಹಿಡಿಯದ ಪದರ ಹೋಗಿಬಿಡುತ್ತದೆ. ಮುಂದಿನ ಟ್ರಯಲ್‌ಗೆ ಬ್ಯಾಗಿನಲ್ಲಿ ಎರಡು ಜೊತೆ ಇಟ್ಟುಕೊಂಡು ಹೋಗಿ, ಹಿಂದಿನ ದಿನ ನಿಮ್ಮ ಪೂಲಿನಲ್ಲಿ ಹೊಸದನ್ನು ಹಾಕಿ ಒಂದರ್ಧ ಗಂಟೆ ಆಡಲು ಬಿಡಿ.